ಪದಚರ್ಚೆ: ‘ಕಸಿ’ ಅಂದರೆ ಕೂಡಿಸುವುದೋ, ಕಡಿಯುವುದೋ?

ಎಲ್ಲರಿಗೂ ನಮಸ್ಕಾರ. ‘ಕಸಿ’ ಪದದ ಬಗ್ಗೆ ಬಲ್ಲವರನ್ನು ಕೇಳಬೇಕಿತ್ತು.

ಕೃಷಿ ವಿಶ್ವವಿದ್ಯಾಲಯದವರ ಪಾಠದಲ್ಲಿ, ಕರಪತ್ರಗಳಲ್ಲಿ ಕಸಿ ಅಂದರೆ ಒಂದು ಗಿಡದ ಕಡ್ಡಿಯನ್ನು ಇನ್ನೊಂದರ ಬುಡಕ್ಕೆ ಕೂಡಿಸುವುದು. ಮಾವು, ಸಪೋಟ ಬೆಳೆಯುವವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಆದರೆ ನಮ್ಮ ಕೊಡಗಿನ ಸೋಮವಾರಪೇಟೆ ಕಡೆ ಕಾಫಿ ತೋಟದಲ್ಲಿ ‘ಕಸಿ ಶುರುವಾಯ್ತಾ?’ ಅಂತ ಯಾರಾದರೂ ಕೇಳಿದರೆ ಅದು ಮರಗಸಿ. ಮಳೆ ಹಿಡಿಯುವ ಮುಂಚೆ ಹಾಲುವಾಣದಂಥ ನೆರಳಿನ ಮರ ಹತ್ತಿ, ರೆಂಬೆ ಸವರಿ, ಕೆಳಗಿನ ಗಿಡಕ್ಕೆ ಗಾಳಿ ಬೆಳಕು ಬಿಡುವ ಕೆಲಸ. ಇದನ್ನೇ ಮರ ಕಪಾತು ಅನ್ನುವವರೂ ಜಿಲ್ಲೆಯಲ್ಲಿ ಇದ್ದಾರೆ.

ಈಗ ಎರಡೂ ಕೆಲಸ ಒಂದೇ ತೋಟದಲ್ಲಿ ನಡೆಯುತ್ತಿವೆ, ತೊಂದರೆ ಅಲ್ಲೇ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಹಾಗಾಗಿ ಎಷ್ಟೇ ಒಳ್ಳೆ ಗಿಡದ ಬೀಜ ಹಾಕಿದರೂ ಸಸಿಗಳು ಒಂದೊಂದು ಒಂದೊಂದು ಥರ ಬರುತ್ತವೆ. ಅದಕ್ಕೇ ಹಳೆ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದು, ಬಂದ ಚಿಗುರಿನಲ್ಲಿ ಗಟ್ಟಿಯಾದ್ದನ್ನು ಉಳಿಸಿ, ಅದರ ತಲೆ ಕತ್ತರಿಸಿ ನಡುವೆ ಸೀಳಿ, ಬೆಣೆಯ ಹಾಗೆ ಕೆತ್ತಿದ ಸಿ×ಆರ್ (ರೊಬಸ್ಟಾದ ಒಂದು ಮಿಶ್ರತಳಿ) ಕಡ್ಡಿಯನ್ನು ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಕಾಳುಮೆಣಸಿನಲ್ಲೂ ಸೊರಗು ರೋಗಕ್ಕೆ ಜಗ್ಗದ, ಮೆಣಸಿನ ಕುಲದ್ದೇ ಆದ ಬ್ರೆಜಿಲ್ ತಿಪ್ಪಲಿಯ ಬುಡಕ್ಕೆ ಬಳ್ಳಿಯನ್ನು ಹೀಗೇ ಕೂಡಿಸುವುದುಂಟು.

ಹೀಗಿರುವಾಗ ತರಬೇತಿಯ ಹಾಳೆಯಲ್ಲಿ ಸುಮ್ನೆ ‘ಮಳೆಗೆ ಮುಂಚೆ ಕಸಿ ಮುಗಿಸಿ’ ಅಂತ ಇದ್ದರೆ ಓದಿದವರು ಚಾಕು ಹಿಡಿಯಬೇಕೋ ಕತ್ತಿ ಹಿಡಿಯಬೇಕೋ? ಇದು ಬರೀ ಪದದ ಜಗಳ ಅಲ್ಲ. ಅರೇಬಿಕಾ ತೋಟದಲ್ಲಿ ನೆರಳು ಜಾಸ್ತಿ ತೆಗೆದರೆ ಬಿಸಿಲು ಬಿದ್ದ ಕಾಂಡಕ್ಕೆ ಬಿಳಿ ಕಾಂಡಕೊರಕ ಹುಳು ಬರುತ್ತದೆ, ದಟ್ಟವಾಗಿ ಬಿಟ್ಟರೆ ಮಳೆಗಾಲದಲ್ಲಿ ಕೊಳೆರೋಗ. ಯಾವ ರೆಂಬೆ ಇರಬೇಕು, ಯಾವುದು ಹೋಗಬೇಕು ಅಂತ ಮರ ಹತ್ತುವವರಿಗೆ ಕಣ್ಣಳತೆಯಲ್ಲೇ ಗೊತ್ತು. ಸುಸ್ಥಿರ ಕೃಷಿ ಅಂತ ನಾವು ಭಾಷಣದಲ್ಲಿ ಹೇಳುವುದರಲ್ಲಿ ಅರ್ಧದಷ್ಟು ಈ ಕೆಲಸದಲ್ಲೇ ಇದೆ. ಪುಸ್ತಕದಲ್ಲಿ ಮಾತ್ರ ಅದು ‘ನೆರಳು ನಿರ್ವಹಣೆ’ ಆಗಿ ಕೂತಿದೆ. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಕಲಿಯುವ ಮಕ್ಕಳಿಗೆ, ಅದರಲ್ಲೂ ಬಯಲುಸೀಮೆಯಿಂದ ಬಂದವರಿಗೆ, ‘ಮರಗಸಿ’ ಅನ್ನುವ ಪದವನ್ನೇ ಕಲಿಸಬೇಕು ಅನ್ನುವುದು ನನ್ನ ಬಲವಾದ ಅನಿಸಿಕೆ. ನಾಳೆ ಅವರು ಮಾತಾಡಬೇಕಾದ್ದು ತೋಟದವರ ಜೊತೆ ಅಲ್ವಾ?

ಬರವಣಿಗೆಯಲ್ಲಿ ಕೂಡಿಸುವುದಕ್ಕೆ ಯಾವಾಗಲೂ ‘ಕಸಿ ಕಟ್ಟು’, ಸವರುವುದಕ್ಕೆ ‘ಮರಗಸಿ’ ಅಂತ ಇಟ್ಟುಕೊಂಡರೆ ಸಾಕು ಅನ್ನಿಸುತ್ತದೆ. ‘ಕಸಿ ಮಾಡು’ ಅಂದಾಗಲೇ ಎಡವಟ್ಟು.

ಇನ್ನು ನನ್ನ ಪ್ರಶ್ನೆ. ಮಳೆ, ಕಾಲ ಸೇರಿ ಮಳೆಗಾಲ ಆಗುವ ಹಾಗೆ ಮರ, ಕಸಿ ಸೇರಿ ಮರಗಸಿ ಆಗಿದೆ, ಅಂದರೆ ಪದ ಇಲ್ಲಿನ ಬಾಯಲ್ಲಿ ಚೆನ್ನಾಗಿ ಪಳಗಿದೆ. ಕಡ್ಡಿ ಕೂಡಿಸುವಾಗಲೂ ಮೊದಲು ಕತ್ತರಿಸಲೇಬೇಕು. ಹಾಗಾದರೆ ಕಸಿಗೆ ಮೊದಲಿದ್ದದ್ದು ಕೊಯ್ಯುವ ಅರ್ಥವೇ? ಅಥವಾ ಇವು ಬೇರೆ ಬೇರೆ ಪದಗಳೇ? ಚಿಕ್ಕಮಗಳೂರು, ಸಕಲೇಶಪುರದ ತೋಟದವರು, ಹಾಗೇ ಕೋಲಾರ, ಧಾರವಾಡದ ಮಾವಿನವರು ನಿಮ್ಮಲ್ಲಿ ಹೇಗೆ ಅನ್ನುತ್ತೀರಿ, ದಯವಿಟ್ಟು ಬರೆಯಿರಿ. ಹಳೆಯ ಶಾಸನದಲ್ಲೋ ಕಾವ್ಯದಲ್ಲೋ ಈ ಪದ ಕಂಡವರಿದ್ದರೆ ಆ ಸಾಲನ್ನೂ ಕೊಡಿ.