‘ಶಿಷ್ಯವೇತನ’ದ ವೇತನ ಯಾವುದು? ‘ವಿನಾಯಿತಿ’ಗೆ ಎಷ್ಟು ಅರ್ಥ?

ಪ್ರಶ್ನೆ:
ನಮಸ್ಕಾರ. ಪಿಎಚ್‌.ಡಿ. ವಿದ್ಯಾರ್ಥಿಗಳು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಬಗೆಯನ್ನು ಕನ್ನಡದಲ್ಲಿ ಎರಡು ಪುಟಗಳ ಕೈಪಿಡಿಯಾಗಿ ಬರೆಯುತ್ತಿದ್ದೇವೆ. ಎರಡು ಕಡೆ ತೊಡಕಾಗಿದೆ. ಫೆಲೋಶಿಪ್‌ಗೆ ‘ಶಿಷ್ಯವೇತನ’ ಎಂದು ಬರೆದರೆ ಓದುವವರು ಅದನ್ನು ಸಂಬಳದ ಕಾಲಮಿಗೆ ತುಂಬುತ್ತಾರೆ. ಇನ್ನು ಎಕ್ಸೆಂಪ್ಷನ್, ಡಿಡಕ್ಷನ್, ರಿಬೇಟ್ ಮೂರಕ್ಕೂ ಪತ್ರಿಕೆಗಳಲ್ಲಿ ‘ವಿನಾಯಿತಿ’ ಎಂದೇ ಕಾಣುತ್ತದೆ. ಬೇರೆ ಬೇರೆ ಪದ ಬೇಕೇ? ಬೇಕಿದ್ದರೆ ಯಾವುವು?

ಉತ್ತರ 1:
ಬೇಕೇ ಬೇಕು. ಮೂರೂ ನಡೆಯುವ ಜಾಗ ಬೇರೆ. ಎಕ್ಸೆಂಪ್ಷನ್ ಆದ ಹಣ ಒಟ್ಟು ಆದಾಯದ ಲೆಕ್ಕಕ್ಕೇ ಬರುವುದಿಲ್ಲ. ಡಿಡಕ್ಷನ್ ಎಂದರೆ ಲೆಕ್ಕಕ್ಕೆ ಬಂದ ಆದಾಯದಲ್ಲಿ ಕಳೆಯುವುದು. ರಿಬೇಟ್ ಸಿಗುವುದು ತೆರಿಗೆ ಇಷ್ಟು ಎಂದು ಲೆಕ್ಕ ಹಾಕಿ ಮುಗಿದ ಮೇಲೆ.

ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂ., ಮನೆ ಬಾಡಿಗೆ ಭತ್ಯೆ ಬಿಟ್ಟು ವರ್ಷಕ್ಕೆ 4,44,000. ಓದಿನ ಖರ್ಚಿಗೆಂದು ಕೊಟ್ಟ ಸ್ಕಾಲರ್‌ಶಿಪ್ ಆದ್ದರಿಂದ 1961ರ ಕಾಯ್ದೆಯ 10(16)ನೇ ಕಲಮಿನಡಿ ಅದು ವಿನಾಯಿತಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡರೂ ವಿನಾಯಿತಿಯೇ. ಬೇರೆ ಆದಾಯವಿಲ್ಲದಿದ್ದರೆ ಒಟ್ಟು ಆದಾಯ ಸೊನ್ನೆ. ಇನ್ನೊಬ್ಬರಿಗೆ ಟ್ಯೂಷನ್‌ನಿಂದ, ಖರ್ಚು ಕಳೆದು ಅಷ್ಟೇ ಹಣ ಬಂತು ಎನ್ನಿ. 2025-26ರಲ್ಲಿ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಉಳಿದ 44,000ಕ್ಕೆ 5% ಎಂದರೆ 2,200 ರೂ. ಅದನ್ನು 87ಎ ಕಲಮಿನ ರಿಬೇಟ್ ಪೂರ್ತಿ ತೆಗೆದುಹಾಕುತ್ತದೆ. ಇಬ್ಬರೂ ಕಟ್ಟುವುದು ಸೊನ್ನೆ. ಆದರೆ ಎರಡನೆಯವರ ಆದಾಯ 4 ಲಕ್ಷ ದಾಟಿದ್ದರಿಂದ ರಿಟರ್ನ್ ಕಡ್ಡಾಯ; ಗಡುವು ಮೀರಿದರೆ 1,000 ರೂ. ತಡ ಶುಲ್ಕ. “12 ಲಕ್ಷದವರೆಗೆ ವಿನಾಯಿತಿ” ಎಂಬ ತಲೆಬರಹ ಓದಿ ಸುಮ್ಮನೆ ಕೂತವರು ಸಿಕ್ಕಿಬೀಳುವುದು ಇಲ್ಲೇ. ಆ 12 ಲಕ್ಷ ವಿನಾಯಿತಿಯಲ್ಲ, ರಿಬೇಟಿನ ಮಿತಿ.

ನನ್ನ ಸಲಹೆ: ಎಕ್ಸೆಂಪ್ಷನ್‌ಗೆ ಮಾತ್ರ ‘ವಿನಾಯಿತಿ’. ರಿಬೇಟಿಗೆ ‘ತೆರಿಗೆ ಮನ್ನಾ’, ಏಕೆಂದರೆ ಮನ್ನಾ ಆಗಬೇಕಾದರೆ ಮೊದಲು ಬಾಕಿ ಇರಬೇಕು. ಸಾಲಮನ್ನಾ ಕೇಳಿದ ಯಾರಿಗೂ ಇದು ಹೊಳೆಯುತ್ತದೆ. ಡಿಡಕ್ಷನ್‌ಗೆ ‘ಕಡಿತ’ ಬೇಡ, ಟಿಡಿಎಸ್ (ಹಣ ಕೊಡುವವರೇ ಮೊದಲು ತೆರಿಗೆ ಹಿಡಿದುಕೊಳ್ಳುವುದು) ಆ ಪದವನ್ನು ಆಗಲೇ ಹಿಡಿದು ಕೂತಿದೆ. ‘ಆದಾಯದಲ್ಲಿ ಕಳೆಯುವ ಮೊತ್ತ’ ಎಂದು ಬಿಡಿಸಿ ಬರೆಯಿರಿ. ಟಿಡಿಎಸ್‌ಗೆ ಜನ ಆಡುವುದು ‘ಮುರಿದುಕೊಂಡರು’ ಎಂದು. ಅದಕ್ಕಿಂತ ಒಳ್ಳೆಯ ಪದ ನನಗೆ ಕಾಣದು.

‘ಶಿಷ್ಯವೇತನ’ ಬೇರೂರಿದ ಪದ, ಕೀಳಲು ಹೋಗಬೇಡಿ. ‘ನಿವೃತ್ತಿ ವೇತನ’ವನ್ನು ಕಾಯ್ದೆ ಸಂಬಳದ ತಲೆಬರಹದಡಿಯೇ ಇಡುತ್ತದೆ, ಶಿಷ್ಯವೇತನವನ್ನು ಇಡುವುದಿಲ್ಲ, ಹಾಗಾಗಿ ಪದದ ಬಾಲ ನೋಡಿ ತೀರ್ಮಾನಿಸುವ ಹಾಗಿಲ್ಲ. ನೋಡಬೇಕಾದ್ದು ಮಂಜೂರಾತಿ ಪತ್ರ. ಓದು, ಸಂಶೋಧನೆಗೆಂದು ಕೊಟ್ಟಿದ್ದರೆ ಸ್ಕಾಲರ್‌ಶಿಪ್. ನೇಮಕಾತಿ ಆದೇಶ, ಹಾಜರಿ, ರಜೆ ಎಲ್ಲ ಇರುವ ಪ್ರಾಜೆಕ್ಟ್ ಹುದ್ದೆಯಾದರೆ, ಪತ್ರದಲ್ಲಿ ‘ಫೆಲೋ’ ಎಂದಿದ್ದರೂ, ಅದನ್ನು ಸಂಬಳ ಎಂದೇ ನೋಡುವ ಸಾಧ್ಯತೆ ಹೆಚ್ಚು. ಫೆಲೋಶಿಪ್ಪನ್ನು ಸಂಬಳದಡಿ ತೋರಿಸಿ ಸಂಬಳದವರಿಗೆ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯುವುದು ತಪ್ಪು. ಐಟಿಆರ್-1 ರಿಟರ್ನ್ ಫಾರಂನಲ್ಲಿ ವಿನಾಯಿತಿ ಆದಾಯಕ್ಕೆ ಬೇರೆ ಜಾಗವಿದೆ, ಅಲ್ಲಿ 10(16) ಆರಿಸಿ ಮೊತ್ತ ಬರೆಯಬೇಕು.

ಉತ್ತರ 2:
‘ಮನ್ನಾ’ ಅರ್ಥಕ್ಕೆ ಸರಿ, ಆದರೆ ಚುನಾವಣೆಯ ವಾಸನೆ ಹೊಡೆಯುತ್ತದೆ. ಮೊದಲ ಸಲ ‘ರಿಬೇಟ್, ಅಂದರೆ ತೆರಿಗೆ ಮನ್ನಾ’ ಎಂದು ಬರೆದು ಮುಂದೆ ರಿಬೇಟ್ ಎಂದೇ ಸಾಗಿದರೆ ಫಾರಂ ತುಂಬುವವರಿಗೆ ಸಲೀಸು.

ಇನ್ನೆರಡು ಪದ. ‘ರಿಟರ್ನ್ ಬಂತಾ?’ ಎಂದು ಕೇಳುವವರ ಮನಸ್ಸಿನಲ್ಲಿರುವುದು ರೀಫಂಡ್. ‘ಮರುಪಾವತಿ’ ಎಂದರೂ ಗೊಂದಲವೇ, ಸಾಲದ ಮರುಪಾವತಿಯಲ್ಲಿ ಹಣ ನಮ್ಮ ಕೈಯಿಂದ ಹೋಗುತ್ತದೆ. ‘ವಾಪಸು ಬರುವ ತೆರಿಗೆ’ ಸಾಕು. ಕೆಲವು ಕಡೆ ಲೆಕ್ಕಪತ್ರ ವಿಭಾಗದವರು ಫೆಲೋಶಿಪ್‌ನಲ್ಲೂ ವೃತ್ತಿ ಶುಲ್ಕದಂತೆ 194ಜೆ ಕಲಮಿನಡಿ 10%, ಅಂದರೆ ತಿಂಗಳಿಗೆ 3,700, ಮುರಿದುಕೊಳ್ಳುವುದುಂಟು. ರಿಟರ್ನ್ ಹಾಕದೆ ಅದು ವಾಪಸು ಬಾರದು. ಬರೀ 10(16) ಎಂದು ತೋರಿಸಿದರೆ 26ಎಎಸ್‌ನಲ್ಲಿರುವ (ನಮ್ಮ ಹೆಸರಿನಲ್ಲಿ ಮುರಿದ ತೆರಿಗೆಯ ಪಟ್ಟಿ) 194ಜೆಗೆ ತಾಳೆಯಾಗದೆ ‘ದೋಷಪೂರಿತ ರಿಟರ್ನ್’ ನೋಟಿಸ್ ಬರಬಹುದು, ಉತ್ತರಕ್ಕೆ 15 ದಿನ. ಮೊದಲೇ ಆ ವಿಭಾಗದವರಿಂದ ಟಿಡಿಎಸ್ ವಿವರ ತಿದ್ದಿಸಿಕೊಳ್ಳುವುದು ಲೇಸು. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ (ಆನ್‌ಲೈನ್‌ನಲ್ಲಿ ದೃಢೀಕರಣ) ಮಾಡಿ ಎಂಬುದನ್ನೂ ದಪ್ಪಕ್ಷರದಲ್ಲಿ ಹಾಕಿ.

‘ಅಸೆಸ್‌ಮೆಂಟ್ ವರ್ಷ’ಕ್ಕೆ (ಆದಾಯ ಬಂದ ವರ್ಷದ ಮುಂದಿನ ವರ್ಷ) ‘ಮೌಲ್ಯಮಾಪನ ವರ್ಷ’ ಎಂದು ದಯವಿಟ್ಟು ಬರೆಯಬೇಡಿ. ವಿದ್ಯಾರ್ಥಿಗಳಿಗೆ ಅದು ಉತ್ತರಪತ್ರಿಕೆಯ ಪದ. ‘ತೆರಿಗೆ ನಿರ್ಧಾರಣೆ ವರ್ಷ’ ಇರಲಿ. 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಕಾಯ್ದೆಯಲ್ಲಿ ಹೇಗೂ ಬರೀ ‘ತೆರಿಗೆ ವರ್ಷ’. 2025-26ರ ಆದಾಯಕ್ಕೆ ಮಾತ್ರ ಹಳೆಯ ಹೆಸರೇ.