ದಾವಣಗೆರೆಯಲ್ಲಿ ಕ್ರಿಶ್ಚಿಯನ್ ಶಾಲೆಗೆ ಮಕ್ಕಳನ್ನ ಸೇರಿಸೋ ಮುಂಚೆ ಏನೇನು ವಿಚಾರಿಸಬೇಕು?

ಕೆಟಿಜೆನಗರ_ಪೋಷಕಿ:
ಎಲ್ಲರಿಗೂ ನಮಸ್ಕಾರ. ಮಗಳು ಎಲ್‌ಕೆಜಿಗೆ, ಮಗ 5ನೇ ಕ್ಲಾಸಿಗೆ. ಮಗ ಇಲ್ಲೀವರೆಗೆ ಕನ್ನಡ ಮೀಡಿಯಂ. ಇಬ್ಬರನ್ನೂ ಒಂದೇ ಕಡೆ, ಕ್ರಿಶ್ಚಿಯನ್ ಮ್ಯಾನೇಜ್‌ಮೆಂಟಿನ ಶಾಲೆಗೆ ಹಾಕೋ ಯೋಚನೆ ಇದೆ. ನಮ್ಮದು ಲಿಂಗಾಯತರ ಮನೆ. ಶಿಸ್ತು, ಇಂಗ್ಲಿಷ್ ಚೆನ್ನಾಗಿರುತ್ತೆ ಅಂತ ಯಜಮಾನರ ವಾದ. ಪ್ರಾರ್ಥನೆ ಗೀರ್ಥನೆ ಮಾಡಿಸ್ತಾರೆ, ಕೊರಳಲ್ಲಿರೋ ಲಿಂಗ ತೆಗಿ ಅಂತಾರೆ ಅಂತ ಅತ್ತೆಯವರ ತಕರಾರು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟು ಸಿಗುತ್ತಾ? ಫೀಸಿನ ಜೊತೆಗೆ ಇನ್ನೇನು ಖರ್ಚು ಬರುತ್ತೆ? ಶಾಲೆಗೆ ಹೋದಾಗ ಯಾವ ಕಾಗದ ಕೇಳಬೇಕು? ಗೊತ್ತಿರೋರು ಬಿಡಿಸಿ ಹೇಳಿ. ಇಂಥ ಶಾಲೆ ಒಳ್ಳೇದು, ಇಂಥದ್ದು ಕೆಟ್ಟದ್ದು ಅಂತ ಹೆಸರು ಹಾಕೋದು ಬೇಡ, ಜಗಳ ಆಗುತ್ತೆ.

ಹಳೇ_ಫೈಲು:
ಮೇಡಂ, ಮೊದಲು ಒಂದು ವಿಷಯ ತಿಳ್ಕೊಳ್ಳಿ. ಬೋರ್ಡಿನ ಮೇಲೆ 'ಸೇಂಟ್' ಅಂತ ಇದ್ದ ಮಾತ್ರಕ್ಕೆ ಅದು ಕ್ರಿಶ್ಚಿಯನ್ ಶಾಲೆ ಆಗಲ್ಲ. ನಮ್ಮ ರಾಜ್ಯದಲ್ಲಿ ಸಂತರ ಹೆಸರಿಟ್ಟುಕೊಂಡು ಚರ್ಚಿಗೂ ತಮಗೂ ಸಂಬಂಧವೇ ಇಲ್ಲದ ಟ್ರಸ್ಟುಗಳು ನಡೆಸೋ ಶಾಲೆ ಎಷ್ಟೋ ಇವೆ. ಆ ಹೆಸರಿಗೆ ಮಾರ್ಕೆಟ್ ಇದೆ, ಅಷ್ಟೇ. ಅದಕ್ಕೇ ಮೊದಲ ಪ್ರಶ್ನೆ: ನಡೆಸೋರು ಯಾರು? ರಸೀದಿ ಪುಸ್ತಕದ ತಲೆಯ ಮೇಲೆ ಸೊಸೈಟಿ ಅಥವಾ ಟ್ರಸ್ಟಿನ ಹೆಸರು ಇರುತ್ತೆ, ಅದನ್ನ ಓದಿ.

ಎರಡನೇದು, ಶಾಲೆಗೆ ಅಲ್ಪಸಂಖ್ಯಾತ ಸಂಸ್ಥೆ ಅನ್ನೋ ಪ್ರಮಾಣಪತ್ರ ಇದೆಯಾ ಕೇಳಿ. ಇದು ಬರೀ ಗೋಡೆಗೆ ತೂಗು ಹಾಕೋ ಕಾಗದ ಅಲ್ಲ, ನಿಮಗೆ ಯಾವ ಕಾನೂನು ಸಿಗುತ್ತೆ, ಯಾವುದು ಸಿಗಲ್ಲ ಅನ್ನೋದು ಇದರ ಮೇಲಿದೆ. ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸೋ ಹಕ್ಕು ಕೊಟ್ಟಿದೆ. ಅದರ ಆಧಾರದಲ್ಲೇ ಸುಪ್ರೀಂ ಕೋರ್ಟು 2014ರ ಮೇ 6ರಂದು, ಪ್ರಮತಿ ಟ್ರಸ್ಟ್ ಕೇಸಿನಲ್ಲಿ, ಅನುದಾನ ಇರಲಿ ಬಿಡಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ ಕಾಯ್ದೆ ಅನ್ವಯಿಸಲ್ಲ ಅಂದಿತು. 2025ರಲ್ಲಿ ಇನ್ನೊಂದು ಪೀಠ ಪ್ರಮತಿ ತೀರ್ಪು ಸರಿಯಾ ಅಂತ ಅನುಮಾನ ಎತ್ತಿ, ದೊಡ್ಡ ಪೀಠ ನೋಡಲಿ ಅಂತ ಕಳಿಸಿದೆ.

ಅದು ತೀರ್ಮಾನ ಆಗೋವರೆಗೆ ಪ್ರಮತಿ ತೀರ್ಪೇ ನಡೆಯುತ್ತೆ. ಹಾಗಾಗಿ ಪ್ರಮಾಣಪತ್ರ ಇರೋ ಶಾಲೆಯಲ್ಲಿ ಆರ್‌ಟಿಇಯ ಶೇ 25ರ ಉಚಿತ ಸೀಟು ಕೇಳೋಕೆ ಬರಲ್ಲ. ಮಗುವಿಗೆ ಇಂಟರ್‌ವ್ಯೂ ಮಾಡಬಾರದು ಅನ್ನೋ 13ನೇ ಸೆಕ್ಷನ್ನೂ ಅಲ್ಲಿ ನಡೆಯಲ್ಲ. ಪ್ರಮಾಣಪತ್ರ ಇಲ್ಲದ ಶಾಲೆ ಅಂದ್ರೂ ಹೆಚ್ಚು ಆಸೆ ಇಟ್ಕೋಬೇಡಿ. 2019ರಿಂದ ನಮ್ಮ ರಾಜ್ಯದಲ್ಲಿ, ನಿಮ್ಮ ವಾರ್ಡಿನ ಆಸುಪಾಸು ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಕೊಡಲ್ಲ. ದಾವಣಗೆರೆ ಊರೊಳಗೆ ಸರ್ಕಾರಿ ಶಾಲೆ ಇಲ್ಲದ ಏರಿಯಾ ಹುಡುಕೋದು ಕಷ್ಟ.

ಡೊನೇಷನ್ ಬೇರೆ ಮಾತು. ಅದಕ್ಕೆ ರಾಜ್ಯದ್ದೇ 1984ರ ಕ್ಯಾಪಿಟೇಷನ್ (ಡೊನೇಷನ್ ವಸೂಲಿ) ನಿಷೇಧ ಕಾಯ್ದೆ ಇದೆ, ಅಲ್ಪಸಂಖ್ಯಾತ ಅಂದಾಕ್ಷಣ ಡೊನೇಷನ್ ಕೇಳೋ ಹಕ್ಕು ಬರಲ್ಲ.

ಮೂರನೇದು ಮಾನ್ಯತೆ. ಯಾವ ತರಗತಿವರೆಗೆ ಮಾನ್ಯತೆ ಇದೆ, ಯಾವ ವರ್ಷದವರೆಗೆ ನವೀಕರಣ ಆಗಿದೆ, ಆದೇಶದ ಪ್ರತಿ ತೋರಿಸಿ ಅನ್ನಿ. ಕಿರಿಯ, ಹಿರಿಯ, ಪ್ರೌಢ ಬೇರೆ ಬೇರೆ ಇರ್ತವೆ. 7ರವರೆಗೆ ಮಾತ್ರ ಆದೇಶ ಇಟ್ಕೊಂಡು 8ನೇ ಕ್ಲಾಸಿಗೆ ಮಕ್ಕಳನ್ನ ಕೂರಿಸಿಕೊಂಡರೆ, ಆ ಮಕ್ಕಳ ಹೆಸರು ಬೇರೆ ಶಾಲೆಯ ಲೆಕ್ಕದಲ್ಲಿ ಹೋಗುತ್ತೆ. ಟಿಸಿ ಕೈಗೆ ಬಂದಾಗ ಓದದೇ ಇರೋ ಶಾಲೆಯ ಹೆಸರು ಕಂಡು ಪೋಷಕರು ಬೆಚ್ಚಿಬೀಳ್ತಾರೆ. 'ಸಿಬಿಎಸ್‌ಇ ಮಾದರಿ', 'ಸಿಬಿಎಸ್‌ಇ ಆಧಾರಿತ' ಅನ್ನೋ ಫ್ಲೆಕ್ಸ್ ನಂಬಬೇಡಿ. ನಿಜವಾದ ಸಂಯೋಜನೆ (ಅಫಿಲಿಯೇಷನ್) ಇದ್ರೆ ಕರ್ನಾಟಕದ ಶಾಲೆಗೆ 83ರಿಂದ ಶುರುವಾಗೋ ನಂಬರ್ ಇರುತ್ತೆ, ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಎಲ್ಲಾ ಶಾಲೆಗೂ 11 ಅಂಕಿಯ ಯುಡೈಸ್ ಕೋಡ್ (ಶಾಲೆಯ ಸರ್ಕಾರಿ ಗುರುತಿನ ನಂಬರ್) ಇರುತ್ತೆ, ನಮ್ಮ ರಾಜ್ಯದ್ದು 29ರಿಂದ ಶುರು. ಅನುಮಾನ ಇದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ ಕೇಳಿ. ದಾವಣಗೆರೆಗೆ ಉತ್ತರ ವಲಯ, ದಕ್ಷಿಣ ವಲಯ ಅಂತ ಎರಡು ಇವೆ, ಶಾಲೆ ಯಾವ ವಲಯಕ್ಕೆ ಸೇರಿದ್ದು ತಿಳ್ಕೊಂಡು ಹೋಗಿ. ಇಲ್ದಿದ್ರೆ ಅಲ್ಲಿಂದ ಇಲ್ಲಿಗೆ ಅಟ್ಟಾಡಿಸ್ತಾರೆ.

ಮಗಳ ವಯಸ್ಸು: ಜೂನ್ 1ಕ್ಕೆ ಎಲ್‌ಕೆಜಿಗೆ 4 ತುಂಬಿರಬೇಕು, ಯುಕೆಜಿಗೆ 5, ಒಂದನೇ ಕ್ಲಾಸಿಗೆ 6. ಯುಕೆಜಿ ಮುಗಿಸಿದ ಮಕ್ಕಳಿಗೆ 2025-26ರಲ್ಲಿ 5 ವರ್ಷ 5 ತಿಂಗಳಿಗೇ ಒಂದನೇ ಕ್ಲಾಸಿಗೆ ಬಿಟ್ಟಿದ್ದು ಆ ವರ್ಷದ ಸಡಿಲಿಕೆ. ಅದನ್ನ ನಂಬಿ ಮೂರೂವರೆ ವರ್ಷದ ಕೂಸನ್ನ ಎಲ್‌ಕೆಜಿಗೆ ತಳ್ಳಿದ್ರೆ ಆಮೇಲೆ ಯುಕೆಜಿಯಲ್ಲಿ ಎರಡು ವರ್ಷ ಕೂರಿಸಬೇಕಾಗುತ್ತೆ.

ಧರ್ಮಕೇಂದ್ರದ_ಪಕ್ಕದ್ಮನೆ:
ಅಕ್ಕಾ, ನಿಮ್ಮ ಅತ್ತೆಯವರು ಕೇಳಿದ್ದು ಸರಿಯಾಗೇ ಇದೆ. ಆದ್ರೆ ಕ್ರಿಶ್ಚಿಯನ್ ಶಾಲೆ ಅಂದ್ರೆ ಎಲ್ಲಾ ಒಂದೇ ಅಲ್ಲ.

ಕಥೋಲಿಕರ ಶಾಲೆಗಳಲ್ಲಿ ಎರಡು ಬಗೆ. ಒಂದು ಧರ್ಮಪ್ರಾಂತ್ಯದ್ದು, ಅಂದ್ರೆ ಬಿಷಪ್ಪರ ಆಡಳಿತದ್ದು (ದಾವಣಗೆರೆ, ಚಿತ್ರದುರ್ಗ ಎರಡೂ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರುತ್ತವೆ), ಇನ್ನೊಂದು ಸಿಸ್ಟರ್‌ಗಳ ಅಥವಾ ಫಾದರ್‌ಗಳ ಧಾರ್ಮಿಕ ಸಂಘಗಳು ನಡೆಸೋದು. ಎರಡರಲ್ಲೂ ಪ್ರಿನ್ಸಿಪಾಲರು ಕೆಲವು ವರ್ಷಕ್ಕೊಮ್ಮೆ ವರ್ಗ ಆಗ್ತಾರೆ. 'ಅಲ್ಲಿನ ಸಿಸ್ಟರ್ ತುಂಬಾ ಒಳ್ಳೇವ್ರು' ಅಂತ ಮಾತ್ರ ನೋಡಿ ಸೇರಿಸಬೇಡಿ, ನಿಮ್ಮ ಮಗಳು ಎರಡನೇ ಕ್ಲಾಸಿಗೆ ಬರೋ ಹೊತ್ತಿಗೆ ಅವರು ಬೇರೆ ಊರಲ್ಲಿರಬಹುದು. ಹತ್ತು ಹದಿನೈದು ವರ್ಷದಿಂದ ಅಲ್ಲೇ ಇರೋ ಟೀಚರುಗಳು ಎಷ್ಟು ಜನ, ವರ್ಷಾವರ್ಷ ಬಿಟ್ಟು ಹೋಗೋರು ಎಷ್ಟು ಜನ, ಅದನ್ನ ವಿಚಾರಿಸಿ. ಗೇಟಿನ ಹತ್ರ ಮಕ್ಕಳನ್ನ ಕರ್ಕೊಂಡು ಹೋಗೋಕೆ ನಿಂತ ತಾಯಂದಿರು ಹತ್ತು ನಿಮಿಷದಲ್ಲಿ ಎಲ್ಲಾ ಹೇಳ್ತಾರೆ.

ಕಥೋಲಿಕರ ಶಾಲೆಗಳಲ್ಲಿ ದಿನಚರಿ ಸಾಮಾನ್ಯವಾಗಿ ಹೀಗೆ: ಬೆಳಿಗ್ಗೆ ಅಸೆಂಬ್ಲಿಯಲ್ಲಿ ಪ್ರಾರ್ಥನೆ, ಊಟಕ್ಕೆ ಮುಂಚೆ ಒಂದು ಚಿಕ್ಕ ಪ್ರಾರ್ಥನೆ. ವಾರಕ್ಕೆ ಒಂದೆರಡು ಪೀರಿಯಡ್ಡು ಕಥೋಲಿಕ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋಗ್ತಾರೆ, ಉಳಿದವರಿಗೆ ಅದೇ ಹೊತ್ತಲ್ಲಿ ಮಾರಲ್ ಸೈನ್ಸ್ ಅಥವಾ ಮೌಲ್ಯ ಶಿಕ್ಷಣ. ತಿಂಗಳ ಮೊದಲ ಶುಕ್ರವಾರ ಬಲಿಪೂಜೆ (ಚರ್ಚಿನ ಆರಾಧನೆ, ಮಾಸ್) ಇದ್ರೆ ಕಥೋಲಿಕ ಮಕ್ಕಳಷ್ಟೇ ಹೋಗ್ತಾರೆ. ಎಡವಟ್ಟಾಗೋದು ಇಲ್ಲೇ. ಉಳಿದ ಮಕ್ಕಳನ್ನ ಎರಡು ಸೆಕ್ಷನ್ ಕೂಡಿಸಿ ಒಬ್ಬ ಟೀಚರ್ ಕೈಗೆ ಕೊಟ್ಟು, ಆ ಪೀರಿಯಡ್ಡು ಗಲಾಟೆಯಲ್ಲೇ ಮುಗಿಯುತ್ತೆ. 'ಆ ಹೊತ್ತಲ್ಲಿ ಉಳಿದವರಿಗೆ ಯಾರು, ಏನು ಪಾಠ ಮಾಡ್ತಾರೆ' ಅಂತ ಕೇಳಿ. ಮೌಲ್ಯ ಶಿಕ್ಷಣದ ಪುಸ್ತಕವನ್ನೂ ಕೈಗೆ ತಗೊಂಡು ತಿರುವಿ ಹಾಕಿ.

ಪ್ರೊಟೆಸ್ಟೆಂಟರಲ್ಲಿ ಸಿಎಸ್‌ಐನಂಥ (ಚರ್ಚ್ ಆಫ್ ಸೌತ್ ಇಂಡಿಯಾ) ಹಳೇ ಸಭೆಗಳ, ಅಂದ್ರೆ ಚರ್ಚುಗಳ ಶಾಲೆ ಬೇರೆ, ಒಂದೇ ಕುಟುಂಬದ ಟ್ರಸ್ಟು ನಡೆಸೋ ಸ್ವತಂತ್ರ ಸಭೆಗಳ ಶಾಲೆ ಬೇರೆ. ಎರಡನೇ ಬಗೆಯಲ್ಲಿ ಶಾಲೆಯ ಹಾಲೇ ಭಾನುವಾರ ಸಭೆ ಸೇರೋ ಜಾಗ ಆಗಿರಬಹುದು. ಅದರಲ್ಲಿ ತಪ್ಪೇನಿಲ್ಲ. ಆದ್ರೆ ಸಭೆಯಲ್ಲಿ ಜಗಳ ಆಗಿ ಎರಡು ಪಾಲಾದ್ರೆ ಶಾಲೆಗೂ ಬಿಸಿ ತಟ್ಟುತ್ತೆ, ಟ್ರಸ್ಟಿನಲ್ಲಿ ಎಷ್ಟು ಜನ, ಕಟ್ಟಡ ಬಾಡಿಗೆದಾ ಸ್ವಂತದ್ದಾ ಕೇಳಿಟ್ಕೊಳ್ಳಿ. ಬೇಸಿಗೆ ರಜೆಯಲ್ಲಿ 'ವಿಬಿಎಸ್' ಅಂತ ಶಿಬಿರ ಮಾಡ್ತಾರೆ. ಕ್ರಾಫ್ಟು, ಹಾಡು, ಆಟ ಎಲ್ಲಾ ಇರುತ್ತೆ, ಆದ್ರೆ ಅದು ಬೈಬಲ್ ಶಿಬಿರ, ಸಮ್ಮರ್ ಕ್ಯಾಂಪ್ ಅಲ್ಲ. ಗೊತ್ತಿದ್ದು ಕಳಿಸಿ, ಇಲ್ಲಾ ಬಿಡಿ.

ಲಿಂಗ, ಜನಿವಾರ, ಕುಂಕುಮ, ಬಳೆ, ಹೂವು, ಮೆಹಂದಿ, ಮಾಲೆ ಹಾಕಿದಾಗಿನ ಕಪ್ಪು ಬಟ್ಟೆ, ಇವೆಲ್ಲಾ ಸ್ಕೂಲ್ ಡೈರಿಯ ಮೊದಲ ಪುಟಗಳಲ್ಲಿ ಅಚ್ಚಾಗಿರುತ್ತೆ. ಅಡ್ಮಿಷನ್ನಿಗೆ ಮುಂಚೆ ಹಳೇ ವರ್ಷದ ಡೈರಿ ಕೊಡಿ ಅಂತ ಕೇಳಿ, ಕೊಡ್ತಾರೆ. 'ಆಭರಣ ಧರಿಸುವಂತಿಲ್ಲ' ಅಂತ ಒಂದೇ ಸಾಲು ಇದ್ರೆ ಅದರಲ್ಲಿ ಅಂಗಿಯೊಳಗಿನ ಕರಡಿಗೆಯೂ (ಲಿಂಗ ಇಡೋ ಡಬ್ಬಿ) ಬರುತ್ತಾ ಅಂತ ಬಾಯಿಬಿಟ್ಟು ಕೇಳಿ.

ರಜೆ ವಿಚಾರ ಯಾರೂ ಕೇಳಲ್ಲ, ಆಮೇಲೆ ಒದ್ದಾಡ್ತಾರೆ. ಕ್ರಿಸ್‌ಮಸ್‌ಗೆ ವಾರದ ರಜೆ ಕೊಡೋ ಶಾಲೆಗಳು ಇಲಾಖೆಯ ಒಪ್ಪಿಗೆ ತಗೊಂಡು ಆ ದಿನಗಳನ್ನ ದಸರಾ ರಜೆಯಲ್ಲಿ ಕಡಿತ ಮಾಡ್ತವೆ. ಅಣ್ಣ ಒಂದು ಶಾಲೆ, ತಂಗಿ ಒಂದು ಶಾಲೆ ಆದ್ರೆ ಇಬ್ಬರ ದಸರಾ ಕೂಡಲ್ಲ. ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆ ಪರೀಕ್ಷೆ ಹತ್ರಾನೇ ಬರುತ್ತೆ, ಸ್ಥಳೀಯ ರಜೆ ಇರುತ್ತಾ ಕೇಳಿ. ಸೆಪ್ಟೆಂಬರ್ 8 ಹರಿಹರದ ಆರೋಗ್ಯ ಮಾತೆ ಹಬ್ಬ, ಕಥೋಲಿಕ ಶಾಲೆಗೆ ಅವತ್ತು ರಜೆ ಇದ್ರೂ ಇರಬಹುದು.

ಹಳೇ_ಫೈಲು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಯಾವ ಶಾಲೆಯಾದ್ರೂ ಸರಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸೋ ಹಾಗಿಲ್ಲ. ಸಂವಿಧಾನದ 28(3)ನೇ ವಿಧಿ. ಪ್ರಮತಿ ತೀರ್ಪು ಇದನ್ನ ಮುಟ್ಟಿಲ್ಲ. ಮಠದ ಶಾಲೆಗೂ ಇದೇ ನಿಯಮ.

ಅರ್ಜಿ ಫಾರಂ ಸಹಿ ಮಾಡೋವಾಗ ಸಣ್ಣ ಅಕ್ಷರದಲ್ಲಿ 'ಶಾಲೆಯ ಎಲ್ಲ ಚಟುವಟಿಕೆಗಳಿಗೆ ನನ್ನ ಒಪ್ಪಿಗೆ ಇದೆ' ಅಂತ ಇರುತ್ತೆ. ಅದನ್ನೇ ನಿಮ್ಮ ಒಪ್ಪಿಗೆ ಅಂತ ಶಾಲೆಯವರು ತೋರಿಸಬಹುದು. ಬೇಡ ಅನ್ನಿಸಿದ್ರೆ ಅಡ್ಮಿಷನ್ ದಿನವೇ ಬಿಳಿ ಹಾಳೆಯಲ್ಲಿ ಹೀಗೆ ಬರೆದುಕೊಡಿ:

'ಮಾನ್ಯ ಮುಖ್ಯೋಪಾಧ್ಯಾಯರಿಗೆ, ನನ್ನ ಮಗಳು ಎಲ್‌ಕೆಜಿಗೆ ದಾಖಲಾಗಿರುತ್ತಾಳೆ. ಬೆಳಗಿನ ಅಸೆಂಬ್ಲಿಯಲ್ಲಿ ಅವಳು ಇರಲು ನಮ್ಮ ಅಭ್ಯಂತರವಿಲ್ಲ. ಧರ್ಮೋಪದೇಶದ ತರಗತಿ ಹಾಗೂ ಆರಾಧನೆಗೆ ನಮ್ಮ ಒಪ್ಪಿಗೆ ಇರುವುದಿಲ್ಲ. ಆ ಅವಧಿಯಲ್ಲಿ ಮೌಲ್ಯ ಶಿಕ್ಷಣದ ತರಗತಿಯಲ್ಲಿ ಕೂರಿಸಬೇಕಾಗಿ ವಿನಂತಿ.'

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸ್ಕೊಳ್ಳಿ. ಜಗಳದ ಧಾಟಿ ಬೇಡ. ಯಾವುದಕ್ಕೆ ಹೂಂ, ಯಾವುದಕ್ಕೆ ಉಹೂಂ ಅಂತ ಬಿಡಿಸಿ ಬರೆದ್ರೆ ಶಾಲೆಯವರಿಗೂ ಸುಲಭ. 'ಯಾವುದೂ ಬೇಡ' ಅಂತ ಬರೆದ್ರೆ ಅಸೆಂಬ್ಲಿ ಹೊತ್ತಲ್ಲಿ ಮಗು ಒಂಟಿಯಾಗಿ ಕ್ಲಾಸಲ್ಲಿ ಕೂತಿರುತ್ತೆ. ನಾಲ್ಕು ವರ್ಷದ ಮಗುವಿಗೆ ಅದು ಶಿಕ್ಷೆ ಇದ್ದ ಹಾಗೆ.

ದುರ್ಗದ_ಮೇಷ್ಟ್ರು:
ಫೀಸಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. 'ಫೀಸು ಎಷ್ಟು' ಅಂತ ಕೇಳಬೇಡ್ರಿ, 'ಜೂನ್‌ನಿಂದ ಮಾರ್ಚ್‌ವರೆಗೆ ನಮ್ಮ ಕೈಯಿಂದ ಒಟ್ಟು ಎಷ್ಟು ಹೋಗುತ್ತೆ' ಅಂತ ಕೇಳ್ರಿ. ಸುಮ್ನೆ ಲೆಕ್ಕಕ್ಕೆ: ಫೀಸು 30,000 ಅಂದ್ರು ಅನ್ಕೊಳ್ಳಿ. ಪುಸ್ತಕ 6,500, ಯೂನಿಫಾರ್ಮ್ ಎರಡು ಜೊತೆ, ಶನಿವಾರದ ಬಿಳಿ ಜೊತೆ, ಎರಡು ಥರದ ಶೂ ಸೇರಿ 5,000, ಸ್ಮಾರ್ಟ್‌ಕ್ಲಾಸ್ 2,500, ವ್ಯಾನು ತಿಂಗಳಿಗೆ 1,200ರಂತೆ 10 ತಿಂಗಳು 12,000. ಆಗಲೇ 56,000 ಆಯ್ತು. ಇಬ್ಬರು ಮಕ್ಕಳು ಅಂದ್ರೆ 1,12,000.

ಪುಸ್ತಕದಲ್ಲಿ ಒಂದು ಗಮನಿಸ್ರಿ. ರಾಜ್ಯ ಪಠ್ಯಕ್ರಮದ ಶಾಲೆ ಆದ್ರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕ ಇರಬೇಕು, ಅದರ ಬೆಲೆ ಕಡಿಮೆ. ಅದರ ಮೇಲೆ ಖಾಸಗಿ ಪ್ರಕಾಶಕರ ಗ್ರಾಮರ್, ಜಿಕೆ, ಕಂಪ್ಯೂಟರ್, ವರ್ಕ್‌ಬುಕ್ ಅಂತ ಪೇರಿಸ್ತಾರೆ. ಬಿಲ್ಲು ಏರೋದು ಅಲ್ಲಿ.

ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆ ಸಾಲಿನಲ್ಲಿ ಬರಲಿ. ಹಳೇ ತೆರಿಗೆ ಪದ್ಧತಿಯಲ್ಲಿರೋರಿಗೆ, ನಾವು 80ಸಿ ಅಂತಿದ್ದ ವಿನಾಯಿತಿಯಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕ ಮಾತ್ರ ತೋರಿಸಬಹುದು, ಒಂದೂವರೆ ಲಕ್ಷದ ಮಿತಿಯೊಳಗೆ. ಅಭಿವೃದ್ಧಿ ನಿಧಿ, ವ್ಯಾನು, ಡೊನೇಷನ್ ನಡೆಯಲ್ಲ. 'ಶಾಲಾ ಶುಲ್ಕ' ಅಂತ ಒಂದೇ ಮೊತ್ತ ಬರೆದ್ರೆ ಆಡಿಟರು ವಾಪಸ್ ಕಳಿಸ್ತಾರೆ.

ಮಗನ ವಿಷಯ ನಿಜಕ್ಕೂ ಯೋಚನೆ ಮಾಡೋದು. 4ರವರೆಗೆ ಕನ್ನಡದಲ್ಲಿ ಕಲಿತ ಹುಡುಗ 5ಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದ್ರೆ ಕಥೆ-ಪದ್ಯ ಓದೋಕೆ ಅಷ್ಟು ಕಷ್ಟ ಆಗಲ್ಲ, ಗಣಿತದಲ್ಲಿ ಬೀಳ್ತಾನೆ. ಲೆಕ್ಕ ಬರುತ್ತೆ, ಪ್ರಶ್ನೆ ಅರ್ಥ ಆಗಲ್ಲ. 'ಭಿನ್ನರಾಶಿ' ಗೊತ್ತು, 'ಫ್ರಾಕ್ಷನ್' ಗೊತ್ತಿಲ್ಲ. 'ಅಂಶ' ಗೊತ್ತು, 'ನ್ಯೂಮರೇಟರ್' ಅಂದ್ರೆ ಬ್ಬೆ ಬ್ಬೆ ಅಂತಾನೆ. ಏಪ್ರಿಲ್, ಮೇ ಎರಡು ತಿಂಗಳು ಪಠ್ಯಪುಸ್ತಕ ಸಂಘದ 4ನೇ ತರಗತಿ ಗಣಿತ ಪುಸ್ತಕ ಕನ್ನಡದ್ದು ಒಂದು, ಇಂಗ್ಲಿಷಿನದು ಒಂದು ಪಕ್ಕದಲ್ಲಿಟ್ಟು ದಿನಕ್ಕೆ ಎರಡು ಪುಟ ಓದಿಸ್ರಿ. ಒಂದೇ ಲೆಕ್ಕ ಎರಡೂ ಕಡೆ ಇರುತ್ತೆ, ಪದ ತಾನಾಗೇ ಕೂರುತ್ತೆ. ಟ್ಯೂಷನ್ನಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತೆ.

ಕನ್ನಡ ಮೊದಲ ಭಾಷೆ ಸಿಗುತ್ತಾ ಕೇಳ್ರಿ. 2015ರ ಕನ್ನಡ ಕಲಿಕಾ ಕಾಯ್ದೆ ಪ್ರಕಾರ ಯಾವ ಬೋರ್ಡಿನ ಶಾಲೆ ಆದ್ರೂ ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ಎಸ್‌ಎಸ್‌ಎಲ್‌ಸಿಯ 625ರಲ್ಲಿ ಮೊದಲ ಭಾಷೆಗೆ 125, ಬೇರೆ ಎಲ್ಲಕ್ಕೂ 100. ಕನ್ನಡ ಗಟ್ಟಿ ಇರೋ ಹುಡುಗನಿಗೆ ಅದು ಲಾಭವೇ.

ಇನ್ನೊಂದು ದಾರಿ ಯಾರೂ ನೋಡಲ್ಲ. ಹಳೇ ಮಿಷನ್ ಶಾಲೆ ಕೆಲವಲ್ಲಿ ಒಂದೇ ಆವರಣದಲ್ಲಿ ಅನುದಾನಿತ ಕನ್ನಡ ವಿಭಾಗ, ಅನುದಾನರಹಿತ ಇಂಗ್ಲಿಷ್ ವಿಭಾಗ ಎರಡೂ ಇರ್ತವೆ. ಅನುದಾನಿತದಲ್ಲಿ ಸರ್ಕಾರವೇ ಮೇಷ್ಟ್ರ ಸಂಬಳ ಕೊಡೋದು, ಬಿಸಿಯೂಟ, ಹಾಲು ಎಲ್ಲಾ ಉಂಟು. ಅದೇ ಮೈದಾನ, ಅದೇ ಶಿಸ್ತು, ಫೀಸು ಮಾತ್ರ ಎಲ್ಲೋ ಒಂದು ಪಾಲು. ಮೇಷ್ಟ್ರು ಹುದ್ದೆ ಎಷ್ಟು ಖಾಲಿ ಇವೆ ಅಂತ ಮಾತ್ರ ತಿಳ್ಕೊಳ್ಳಿ. ನಿವೃತ್ತಿ ಆದೋರ ಜಾಗ ತುಂಬದೆ ಅನುದಾನಿತ ಶಾಲೆಗಳು ಸೊರಗ್ತಿರೋದು ಸುಳ್ಳಲ್ಲ.

ಕೆಟಿಜೆನಗರ_ಪೋಷಕಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೇದಾಗಿ ಎರಡು. ಅಲ್ಲಿ ಓದಿದ್ರೆ ಮಕ್ಕಳ ಜಾತಿ ಕಾಲಂಗೆ ಏನಾದ್ರೂ ತೊಂದರೆ ಆಗುತ್ತಾ? ಮತ್ತೆ ಮಗನ ಟಿಸಿ ತರೋದು ಸಾಕಾ?

ಹಳೇ_ಫೈಲು:
ಜಾತಿಗೆ ಏನೂ ಆಗಲ್ಲ ಮೇಡಂ. ಶಾಲೆಯ ಮ್ಯಾನೇಜ್‌ಮೆಂಟ್ ಯಾವ ಧರ್ಮದ್ದು ಅನ್ನೋದಕ್ಕೂ ಮಗುವಿನ ಜಾತಿಗೂ ಸಂಬಂಧ ಇಲ್ಲ. ತೊಂದರೆ ಬರೋದು ಗುಮಾಸ್ತರ ಕೈತಪ್ಪಿನಿಂದ. ಫಾರಂ ತುಂಬಿಸಿ ಬಂದ ಮೇಲೆ ದಾಖಲಾತಿ ರಿಜಿಸ್ಟರಲ್ಲಿ, ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಏನು ಏರಿಸಿದ್ದಾರೆ ಅಂತ ಒಂದು ಪ್ರಿಂಟು ಕೇಳಿ ನೋಡಿ. ಮಗುವಿನ ಹೆಸರು, ಇನಿಷಿಯಲ್, ಹುಟ್ಟಿದ ದಿನ, ಧರ್ಮ, ಜಾತಿ, ಅಪ್ಪ-ಅಮ್ಮನ ಹೆಸರು, ಇವು ಜನನ ಪತ್ರ, ಆಧಾರ್, ನಾಡಕಚೇರಿಯ ಜಾತಿ ಪತ್ರ ಮೂರಕ್ಕೂ ತಾಳೆ ಆಗಬೇಕು. 'ಲಿಂಗಾಯತ' ಅಂತ ಒಂದು ಕಡೆ, 'ವೀರಶೈವ' ಅಂತ ಇನ್ನೊಂದು ಕಡೆ ಇದ್ರೆ ಆಮೇಲೆ ಸ್ಕಾಲರ್‌ಶಿಪ್ ಅರ್ಜಿ ಹಾಕೋವಾಗ ಕಾಡುತ್ತೆ. ಈಗ ತಿದ್ದಿಸೋದು ಹತ್ತು ನಿಮಿಷ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದ ಮೇಲಾದ್ರೆ ವರ್ಷಗಟ್ಟಲೆ ಅಲೆದಾಟ.

ಬರೀ ಟಿಸಿ ಕಾಗದ ಸಾಲದು. ಹಳೇ ಶಾಲೆಯವರು ಸ್ಯಾಟ್ಸ್‌ನಲ್ಲಿ ಹುಡುಗನನ್ನ ಬಿಟ್ಟುಕೊಡಬೇಕು, ಹೊಸ ಶಾಲೆಯವರು ಅದೇ ನಂಬರಿನಲ್ಲಿ ಸೇರಿಸ್ಕೋಬೇಕು. ನಂಬರ್ ಬರೆದಿಟ್ಕೊಳ್ಳಿ. ಹೊಸ ನಂಬರ್ ಸೃಷ್ಟಿ ಮಾಡ್ತೀವಿ ಅಂದ್ರೆ ಬೇಡ ಅನ್ನಿ, ಒಬ್ಬನೇ ಹುಡುಗ ಎರಡು ಕಡೆ ಕಾಣಿಸಿಕೊಳ್ತಾನೆ. ಹೊಸ ಶಾಲೆಯಲ್ಲಿ ಸೀಟು ಖಾತ್ರಿ ಆಗಿ ರಸೀದಿ ಕೈಗೆ ಬಂದ ಮೇಲೇ ಹಳೇ ಶಾಲೆಗೆ ಟಿಸಿ ಅರ್ಜಿ ಕೊಡಿ.