ಆದಿವಾಸಿಯೊಬ್ಬರು ದೇಶದ ಸರ್ಕಾರವನ್ನೇ ನಡೆಸಿದರೆ ಏನಾಗುತ್ತದೆ?

ಮಲೆಸೆರಗು
ದ್ರೌಪದಿ ಮುರ್ಮು 2022ರಲ್ಲಿ ರಾಷ್ಟ್ರಪತಿಯಾದಾಗ ನಮ್ಮ ಆಫೀಸಿನಲ್ಲಿ ಒಬ್ಬರು "ಇನ್ನೇನು ಬೇಕಂತೆ ಆದಿವಾಸಿಗಳಿಗೆ" ಅಂದಿದ್ದರು. ಆ ಮಾತು ಇವತ್ತಿಗೂ ಕೊರೆಯುತ್ತದೆ. ಸಂತಾಲ ಹೆಣ್ಣುಮಗಳು ಅಲ್ಲಿ ಕೂತಿದ್ದು ದೊಡ್ಡದೇ, ಆದರೆ ರಾಷ್ಟ್ರಪತಿ ಸರ್ಕಾರ ನಡೆಸುವುದಿಲ್ಲವಲ್ಲ. ಬಜೆಟ್ಟು, ಪೊಲೀಸು, ಗಣಿ, ಕಾಡು ಎಲ್ಲ ಆದಿವಾಸಿಯೊಬ್ಬರ ಕೈಗೆ ಸಿಕ್ಕರೆ? ಎಲ್ಲಾದರೂ ನಿಜವಾಗಿ ಆಗಿದೆಯಾ?

ಹಳೇಅಟ್ಲಾಸ್
ಆಗಿದೆ, ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ. ಅಲ್ಲಿ ಸರ್ಕಾರ ನಡೆಸುವುದು ಅಧ್ಯಕ್ಷರೇ. 1952ರವರೆಗೆ ಅಲ್ಲಿ ಓದುಬರಹ ಬಾರದವರಿಗೆ ಓಟಿರಲಿಲ್ಲ, ಅಂದರೆ ಹೆಚ್ಚಿನ ಆದಿವಾಸಿಗಳಿಗೆ ಇರಲಿಲ್ಲ. ಲಾ ಪಾಸ್‌ನಲ್ಲಿ ಅಧ್ಯಕ್ಷರ ಅರಮನೆ ಮುಂದಿನ ಚೌಕಕ್ಕೆ ಅವರು ಕಾಲಿಡುವ ಹಾಗೂ ಇರಲಿಲ್ಲ. ಅಂಥ ಕಡೆ ಐಮಾರಾ ಸಮುದಾಯದ ಇವೊ ಮೊರಾಲೆಸ್, ಚಿಕ್ಕಂದಿನಲ್ಲಿ ಲಾಮಾ ಮೇಯಿಸಿ ಆಮೇಲೆ ಕೋಕಾ ಎಲೆ ಬೆಳೆಗಾರರ ಸಂಘದ ನಾಯಕರಾಗಿ ಬೆಳೆದವರು, 2005ರ ಡಿಸೆಂಬರಿನಲ್ಲಿ ಸುಮಾರು 54% ಮತ ಪಡೆದು ಅಧ್ಯಕ್ಷ ಚುನಾವಣೆ ಗೆದ್ದರು.

ಮೇ 1, 2006ಕ್ಕೆ ತೈಲ, ಅನಿಲ ಸರ್ಕಾರದ ಹಿಡಿತಕ್ಕೆ ಬಂತು. ಆ ದುಡ್ಡಿನಲ್ಲಿ ಶಾಲೆ ಮಕ್ಕಳಿಗೆ, ವಯಸ್ಸಾದವರಿಗೆ ನೇರ ನಗದು ಕೊಟ್ಟರು. 2009ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಜೊತೆಗೆ 36 ಆದಿವಾಸಿ ಭಾಷೆಗಳು ಆಡಳಿತ ಭಾಷೆಗಳಾದವು. ಸರ್ಕಾರಿ ನೌಕರರು ಅದರಲ್ಲಿ ಒಂದಾದರೂ ಕಲಿತಿರಬೇಕು. (ನಮ್ಮೂರ ಬ್ಯಾಂಕ್ ಕೌಂಟರಿನವರು ಇದನ್ನು ಓದಲಿ!)

ಕೆಸರುಗಾಲು
ಅರ್ಧ ಕಥೆ ಹೇಳಿ ಬಿಟ್ಟಿರಲ್ಲ. 2011 ಯಾರು ಹೇಳುತ್ತಾರೆ?

ಟಿಪ್ನಿಸ್ ಅಂತ ಒಂದು ಕಾಡು. ರಾಷ್ಟ್ರೀಯ ಉದ್ಯಾನವೂ ಹೌದು, ಮೊಹೆನ್ಯೊ, ಯುರಾಕಾರೆ, ಚಿಮಾನೆ ಜನರ ನೆಲವೂ ಹೌದು. ಅದರ ನಡುವೆ ಹೆದ್ದಾರಿ ಹಾಕಲು ಹೊರಟಿದ್ದು ಇದೇ ಮೊರಾಲೆಸ್ ಸರ್ಕಾರ. ಕಾಡಿನವರನ್ನು ಮೊದಲು ಕೇಳಲಿಲ್ಲ. ಅವರು ಮಕ್ಕಳು ಮರಿ ಕಟ್ಟಿಕೊಂಡು ಬೊಲಿವಿಯಾದ್ದೇ ಆದ ಟ್ರಿನಿಡಾಡ್ ಪಟ್ಟಣದಿಂದ ಲಾ ಪಾಸ್ ಕಡೆಗೆ ನಡೆದರು, ಬಯಲಿನಿಂದ ಆಂಡೀಸ್ ಬೆಟ್ಟ ಹತ್ತಿ. ಸೆಪ್ಟೆಂಬರ್ 25ರಂದು ದಾರಿಯ ಚಾಪರಿನಾದಲ್ಲಿ ಪೊಲೀಸರು ಅಶ್ರುವಾಯು ಹಾರಿಸಿ, ಹೊಡೆದು, ಕೈ ಕಟ್ಟಿ ಬಸ್ಸಿಗೆ ತುಂಬಿದರು. ಜನ ಬಿಡಲಿಲ್ಲ, ಮತ್ತೆ ನಡೆದು ಅಕ್ಟೋಬರಿನಲ್ಲಿ ಲಾ ಪಾಸ್ ತಲುಪಿದರು. ಆಗ ಕಾಡನ್ನು ಮುಟ್ಟುವುದಿಲ್ಲ ಅಂತ ಕಾನೂನು ಮಾಡಿದರು. 2017ರಲ್ಲಿ ಅದನ್ನೂ ತೆಗೆದರು.

ರಸ್ತೆ ಬೇಕಿದ್ದದ್ದು ಯಾರಿಗೆ ಗೊತ್ತಾ? ಕೋಕಾ ಬೆಳೆಗಾರರಿಗೆ. ಅವರೂ ಬಹುಪಾಲು ಎತ್ತರದ ನಾಡಿನಿಂದ ಇಳಿದು ಬಂದ ಐಮಾರಾ, ಕೆಚುವಾ ಜನರೇ. ಆದಿವಾಸಿ ಅಂದ ಮಾತ್ರಕ್ಕೆ ಎಲ್ಲರದೂ ಒಂದೇ ಹೊಟ್ಟೆಪಾಡಲ್ಲ.

ಮಲೆಸೆರಗು
ಅಂದರೆ ಕುರ್ಚಿಗೆ ಹೋದವರೆಲ್ಲ ಹೀಗೇನಾ?

ಹಳೇಅಟ್ಲಾಸ್
ಹಾಗೆ ಒಂದೇ ಏಟಿಗೆ ತಳ್ಳಬೇಡಿ. ಮೊರಾಲೆಸ್ ಕಾಲದಲ್ಲಿ ಬಡತನ ಸುಮಾರು 60%ರಿಂದ 37%ಗೆ ಇಳಿಯಿತು, ಅದು ಹೊಟ್ಟೆಗೆ ಬಿದ್ದ ಲೆಕ್ಕ. ಕೆಟ್ಟದ್ದೂ ಇದೆ. ನಾಲ್ಕನೇ ಬಾರಿ ನಿಲ್ಲಬಹುದಾ ಅಂತ 2016ರಲ್ಲಿ ಜನರನ್ನೇ ಕೇಳಿದರು, ಬೇಡ ಅಂದರು. ಆದರೂ ಕೋರ್ಟ್ ತೀರ್ಪು ಹಿಡಿದು 2019ರಲ್ಲಿ ನಿಂತರು. ಫಲಿತಾಂಶದ ಗಲಾಟೆಯಲ್ಲಿ ಸೈನ್ಯವೂ ಕೈಬಿಟ್ಟಿತು, ನವೆಂಬರಿನಲ್ಲಿ ರಾಜೀನಾಮೆ ಕೊಟ್ಟು ದೇಶ ಬಿಟ್ಟರು.

ಮೆಕ್ಸಿಕೋದಲ್ಲಿ ಇನ್ನೂ ಹಳೆಯ ಉದಾಹರಣೆಯಿದೆ. ಝಪೋಟೆಕ್ ಸಮುದಾಯದ ಬೆನಿಟೊ ಹುಆರೆಸ್ 1858ರಿಂದ 1872ರವರೆಗೆ ಅಧ್ಯಕ್ಷ. ಅವರ ಬಣ 1856ರಲ್ಲಿ ತಂದ ಕಾನೂನಿನಿಂದಲೇ ಆದಿವಾಸಿ ಊರುಗಳ ಒಟ್ಟು ಜಮೀನು ಒಡೆದು ಖಾಸಗಿಯಾಯಿತು.

ಕೆಸರುಗಾಲು
ಅದಕ್ಕೇ ನನಗೆ ಪ್ರಧಾನಿ ಯಾರು ಅನ್ನುವುದಕ್ಕಿಂತ ಗ್ರಾಮಸಭೆಗೆ ಬೇಡ ಅನ್ನುವ ಹಕ್ಕಿದೆಯಾ ಅನ್ನುವುದೇ ಜಾಸ್ತಿ ಮುಖ್ಯ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಡೊಂಗ್ರಿಯಾ ಕೊಂಧ ಮೊದಲಾದ ಆದಿವಾಸಿಗಳ ಹನ್ನೆರಡು ಗ್ರಾಮಸಭೆಗಳನ್ನು ಕೇಳಿದರು, ಬಾಕ್ಸೈಟ್ ಗಣಿ ಬೇಕಾ ಅಂತ. ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದವು.

ಮಲೆಸೆರಗು
ಕೇಳಿದರು ಸರಿ. ಕೇಳಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು ಅಲ್ವಾ?